ತಮ್ಮನ ಚಟಕ್ಕೆ ಮಾತ್ರೆ ಯಾಕಿಲ್ಲ?

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನಿಗೆ 27 ವರ್ಷ. ಮೂರು ವರ್ಷದಿಂದ ಮೆಥ್ (ಮೆಥಾಂಫೆಟಮಿನ್) ಸೇದುತ್ತಿದ್ದಾನೆ. ಅವನ ಗುಂಪಿನಲ್ಲಿ ಅದಕ್ಕೆ ‘ಐಸ್’ ಅಂತಾರೆ. ಅದಕ್ಕೂ ಮೊದಲು ಒಂದಷ್ಟು ದಿನ ಕೊಕೇನ್ ಇತ್ತು. ಎರಡು ಸಲ ಚಿಕಿತ್ಸಾ ಕೇಂದ್ರಕ್ಕೆ ಸೇರಿಸಿದೆವು. ಎರಡನೇ ಸಲ 40 ದಿನ ಇದ್ದು ಬಂದ. ಮೈ ತುಂಬಿಕೊಂಡಿದ್ದ, ನಗುತ್ತಿದ್ದ. ಮನೆಗೆ ಬಂದ ಆರನೇ ದಿನ ಮತ್ತೆ ಶುರು ಮಾಡಿದ. ಅವನ ಸ್ನೇಹಿತನೊಬ್ಬ ಹೆರಾಯಿನ್ ಚಟದಲ್ಲಿದ್ದ. ಡಾಕ್ಟರು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಕೊಟ್ಟರು. ಈಗ ಆ ಹುಡುಗ ಕೆಲಸಕ್ಕೆ ಹೋಗುತ್ತಿದ್ದಾನೆ. ನನ್ನ ತಮ್ಮನಿಗೆ ಅಂಥ ಮಾತ್ರೆ ಯಾಕೆ ಕೊಡುವುದಿಲ್ಲ? ನಮ್ಮಿಂದ ಏನಾದರೂ ಮುಚ್ಚಿಡುತ್ತಿದ್ದಾರಾ? ‘ಒಂದೇ ಇಂಜೆಕ್ಷನ್, 21 ದಿನದಲ್ಲಿ ಚಟ ಮಾಯ’ ಅನ್ನುವ ಜಾಹೀರಾತು ನೋಡಿದೆ. ಲಸಿಕೆ ಬರುತ್ತಿದೆ ಅಂತಲೂ ಓದಿದೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಮಾತ್ರೆ ಇದೆ ಅಂತ ಒಬ್ಬರು ಹೇಳಿದರು. ಇದರಲ್ಲಿ ಯಾವುದು ನಿಜ? ಔಷಧ ಬರುವವರೆಗೆ ಕಾಯಬೇಕಾ?
— ಒಬ್ಬ ಅಕ್ಕ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಮಾತ್ರೆಯ ಬಗ್ಗೆ. ಆದರೆ ‘ಆರನೇ ದಿನ’ ಅಂತ ಲೆಕ್ಕ ಇಟ್ಟು ಬರೆದಿದ್ದೀರಲ್ಲ, ಅದರೊಳಗೆ ಇನ್ನೊಂದು ಪ್ರಶ್ನೆ ಇದೆ. ಇಷ್ಟೆಲ್ಲ ಮಾಡಿದರೂ ಯಾಕೆ ಹೀಗಾಯಿತು, ನಾವು ಎಲ್ಲಿ ತಪ್ಪಿದೆವು ಅಂತ. ಅದಕ್ಕೂ ಬರುತ್ತೇನೆ. ಮೊದಲು ಮಾತ್ರೆಯ ವಿಷಯ.

ಯಾರೂ ನಿಮ್ಮಿಂದ ಏನನ್ನೂ ಮುಚ್ಚಿಟ್ಟಿಲ್ಲ. ಮೆಥ್ ಚಟಕ್ಕಾಗಲಿ ಕೊಕೇನ್ ಚಟಕ್ಕಾಗಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ ಔಷಧ ಒಂದೂ ಇಲ್ಲ. ಯುರೋಪಿನಲ್ಲೂ ಇಲ್ಲ. ಹೆರಾಯಿನ್‌ಗೆ ಇದೆ, ಮದ್ಯಕ್ಕೆ ಇದೆ, ಸಿಗರೇಟಿಗೂ ಇದೆ. ಇವೆರಡಕ್ಕೆ ಇಲ್ಲ. ವಿಶ್ವಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಕೋಟಿ ಜನ ಮೆಥ್ ಸೇರಿದಂತೆ ಆಂಫೆಟಮಿನ್ ಜಾತಿಯ ಡ್ರಗ್ಸ್ ಬಳಸುತ್ತಾರೆ. ಕೊಕೇನ್ ಬಳಸುವವರು 2 ಕೋಟಿಗೂ ಜಾಸ್ತಿ. ಇಷ್ಟು ಜನರ ನಡುವೆ ಹಬ್ಬಿರುವ ಕಾಯಿಲೆಗೆ ಮಾತ್ರೆ ಇಲ್ಲ ಅಂತ ಮನೆಯವರ ಮುಖ ನೋಡಿ ಹೇಳುವಾಗ ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ಆದರೆ ಮಾತ್ರೆ ಇಲ್ಲ ಅಂದರೆ ಚಿಕಿತ್ಸೆ ಇಲ್ಲ ಅಂತ ಅರ್ಥ ಅಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಎಷ್ಟೋ ಮನೆಗಳವರು ಸುಮ್ನೆ ವರ್ಷಗಟ್ಟಲೆ ಕಾಯುತ್ತಾರೆ.

ಆ ಸ್ನೇಹಿತನ ಮಾತ್ರೆ ಹೇಗೆ ಕೆಲಸ ಮಾಡಿತು ಅಂತ ಗೊತ್ತಾದರೆ ನಿಮ್ಮ ತಮ್ಮನಿಗೆ ಯಾಕೆ ಇಲ್ಲ ಅನ್ನುವುದೂ ಗೊತ್ತಾಗುತ್ತದೆ. ಹೆರಾಯಿನ್ ಮೆದುಳಿನಲ್ಲಿ ಒಂದು ಗೊತ್ತಾದ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಆ ಜಾಗಕ್ಕೆ ಮ್ಯೂ ರಿಸೆಪ್ಟರ್ ಅಂತ ಹೆಸರು. ಅದನ್ನು ಬೀಗ ಅಂದುಕೊಳ್ಳಿ, ಹೆರಾಯಿನ್ ಅದರ ಕೀಲಿ. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ವೈದ್ಯರು ಅದೇ ಬೀಗಕ್ಕೆ ಹೊಂದುವ, ಆದರೆ ನಿಧಾನವಾಗಿ ಕೆಲಸ ಮಾಡುವ ಮೆಥಡೋನ್ ಕೊಟ್ಟು ನೋಡಿದರು. ಸ್ನೇಹಿತನಿಗೆ ಸಿಕ್ಕಿದ್ದು ಬಹುಶಃ ಬ್ಯೂಪ್ರನಾರ್ಫಿನ್. ಅದು ಬೀಗದೊಳಗೆ ಕೂತು ಅರ್ಧ ಮಾತ್ರ ತಿರುಗುತ್ತದೆ. ಹೆರಾಯಿನ್ ಬಂದರೆ ಜಾಗ ಬಿಡುವುದಿಲ್ಲ. ಹಾಗಾಗಿ ಸೆಳೆತ ಇಳಿಯುತ್ತದೆ, ಅಮಲೂ ಏರುವುದಿಲ್ಲ. ಮನುಷ್ಯ ಎದ್ದು ಕೆಲಸಕ್ಕೆ ಹೋಗುತ್ತಾನೆ.

ಮೆಥ್‌ಗೂ ಕೊಕೇನ್‌ಗೂ ಹೀಗೆ ಕೀಲಿ ತೂರಿಸುವ ಬೀಗ ಇಲ್ಲ. ನಮ್ಮ ಮೆದುಳಿನ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ಹೊರಗೆ ಬಿಡುತ್ತವೆ. ಅದರ ಕೆಲಸ ಮುಗಿದ ಮೇಲೆ ಸಣ್ಣ ಪಂಪಿನಂಥ ಒಂದು ಏರ್ಪಾಡು ಅದನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಕೊಕೇನ್ ಈ ಪಂಪಿನ ಬಾಯಿ ಮುಚ್ಚುತ್ತದೆ. ಡೋಪಮಿನ್ ವಾಪಸ್ ಹೋಗಲಾರದೆ ಹೊರಗೆ ತುಂಬಿಕೊಳ್ಳುತ್ತದೆ. ಮೆಥ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಪಂಪಿನ ಮೂಲಕವೇ ಕೋಶದೊಳಗೆ ನುಗ್ಗಿ, ಅಲ್ಲಿ ಕೂಡಿಟ್ಟಿದ್ದ ಡೋಪಮಿನ್ನನ್ನು ಚೆಲ್ಲಿಸಿ, ಪಂಪನ್ನೇ ಉಲ್ಟಾ ತಿರುಗಿಸುತ್ತದೆ. ಒಳಗೆ ಎಳೆಯಬೇಕಾದ ಪಂಪು ಹೊರಗೆ ತಳ್ಳತೊಡಗುತ್ತದೆ. ರಕ್ತದಲ್ಲಿ ಕೊಕೇನ್ ಅರ್ಧಕ್ಕೆ ಇಳಿಯಲು ಹೆಚ್ಚೂ ಕಡಿಮೆ ಒಂದು ಗಂಟೆ ಸಾಕು. ಮೆಥ್‌ಗೆ 10–12 ಗಂಟೆ ಬೇಕು. ನಿಮ್ಮ ತಮ್ಮ ಎರಡು ಮೂರು ರಾತ್ರಿ ನಿದ್ದೆಯಿಲ್ಲದೆ ಇರುವುದನ್ನು ನೀವು ನೋಡಿರುತ್ತೀರಿ. ಅದಕ್ಕೆ ಇದೇ ಕಾರಣ.

ಹಾಗಾದರೆ ಡೋಪಮಿನ್ ಕೆಲಸ ಮಾಡುವ ಜಾಗವನ್ನೇ ಮುಚ್ಚಿದರೆ ಆಯ್ತಲ್ವಾ ಅಂತ ಅನ್ನಿಸಬಹುದು. ವಿಜ್ಞಾನಿಗಳಿಗೂ ಮೊದಲು ಹೊಳೆದದ್ದು ಅದೇ. ಆದರೆ ಡೋಪಮಿನ್ ಬರೀ ನಶೆಯ ಸಾಮಾನಲ್ಲ. ಬೆಳಗ್ಗೆ ಏಳಬೇಕು ಅನ್ನಿಸುವುದು, ಮಗುವಿನ ನಗು ನೋಡಿ ಹತ್ತಿರ ಹೋಗುವುದು, ಕೈಕಾಲು ಸರಾಗವಾಗಿ ಆಡಿಸುವುದು, ಎಲ್ಲಕ್ಕೂ ಅದು ಬೇಕು. ಅದನ್ನು ಮುಚ್ಚುವ ಔಷಧ ಕೊಟ್ಟಾಗ ಜನ ಮಂಕಾದರು, ಮೈ ಜಡವಾಯಿತು, ಡ್ರಗ್ ಮಾತ್ರ ನಿಲ್ಲಲಿಲ್ಲ. ಪಂಪನ್ನು ಔಷಧದಿಂದ ಮುಚ್ಚೋಣ ಅಂದರೆ ನಾವೇ ಕೊಕೇನ್‌ನ ಕೆಲಸ ಮಾಡಿದಂತೆ. ಈ ಕಗ್ಗಂಟು ಇವತ್ತಿಗೂ ಪೂರ್ತಿ ಬಿಡಿಸಿಕೊಂಡಿಲ್ಲ.

ಈಗ ಆ ಆರನೇ ದಿನಕ್ಕೆ ಬರುತ್ತೇನೆ.

ಡೋಪಮಿನ್ ಮೆದುಳಿಗೆ ಪಾಠ ಹೇಳುತ್ತದೆ. ‘ಇದು ಮುಖ್ಯ, ನೆನಪಿಟ್ಟುಕೋ’ ಅಂತ. ಮೆಥ್ ಆ ಪಾಠವನ್ನು ಕೂಗಿ ಕೂಗಿ ಹೇಳಿಸುತ್ತದೆ. ಆಗ ಡ್ರಗ್ ಒಂದೇ ಅಲ್ಲ, ಅದರ ಸುತ್ತ ಇದ್ದದ್ದೆಲ್ಲ ಅಚ್ಚೊತ್ತಿಬಿಡುತ್ತದೆ. ಒಮ್ಮೆ ಒಬ್ಬರು ನನ್ನ ಮುಂದೆ ಕೂತು ಚೆನ್ನಾಗಿಯೇ ಮಾತಾಡುತ್ತಿದ್ದರು. ಬಿಟ್ಟು ಏಳು ವಾರ ಆಗಿತ್ತು. ಕಿಟಕಿಯಾಚೆ ಯಾರೋ ಲೈಟರ್ ಹೊತ್ತಿಸಿದ ಸದ್ದು ಬಂತು, ಬರೀ ‘ಕ್ಲಿಕ್’. ಅವರ ಮಾತು ಅರ್ಧಕ್ಕೆ ನಿಂತಿತು. ಅಂಗೈ ಒದ್ದೆಯಾಯಿತು, ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತು. ‘ಬಾಯಲ್ಲಿ ಅದರ ರುಚಿ ಬಂತು ಸಾರ್’ ಅಂದರು. ಬಿಡಬೇಕು ಅನ್ನುವ ಮನಸ್ಸು ಅವರಿಗೆ ಇರಲಿಲ್ಲವೇ? ಪೂರ್ತಿ ಇತ್ತು. ಆ ಸದ್ದು ಮನಸ್ಸಿಗಿಂತ ಮೊದಲೇ ಮೈ ಮುಟ್ಟಿಬಿಟ್ಟಿತ್ತು.

ಇನ್ನೊಂದು ಸಂಗತಿ ಇದೆ, ಮನೆಯವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬಿಟ್ಟ ಮೊದಲ ಕೆಲವು ದಿನ ಸೆಳೆತಕ್ಕಿಂತ ಸುಸ್ತು ಜಾಸ್ತಿ. ನಿದ್ದೆ, ಹಸಿವು, ಮತ್ತೆ ನಿದ್ದೆ. ಆಮೇಲೆ ವಾರಗಳು ಕಳೆದಂತೆ ಇಂಥ ಸುಳಿವುಗಳಿಗೆ ಹುಟ್ಟುವ ಸೆಳೆತ ಇಳಿಯುವ ಬದಲು ಏರುತ್ತದೆ. ಇದನ್ನು 2001ರಲ್ಲಿ ಇಲಿಗಳಲ್ಲಿ ತೋರಿಸಿದರು. ಆಮೇಲೆ ಕೊಕೇನ್ ಬಿಟ್ಟ ಮನುಷ್ಯರ ಮೆದುಳಿನ ಅಲೆಗಳಲ್ಲೂ ಇದೇ ಬಗೆಯ ಏರಿಕೆ ಕಂಡಿತು. ಅಂದರೆ ನಿಮ್ಮ ತಮ್ಮ ಮೈ ತುಂಬಿಕೊಂಡು ನಗುತ್ತಾ ಮನೆಗೆ ಬಂದ ಹೊತ್ತಿಗೆ ಸೆಳೆತದ ಗುಡ್ಡ ಇಳಿದಿರಲಿಲ್ಲ, ಎದುರಿಗೇ ಇತ್ತು. ಕೇಂದ್ರದೊಳಗೆ ಹಳೆಯ ಬೀದಿ ಇಲ್ಲ, ಹಳೆಯ ಫೋನ್ ನಂಬರ್ ಇಲ್ಲ, ಲೈಟರ್ ಇಲ್ಲ. ಮನೆಗೆ ಬಂದ ಮೇಲೆ ಎಲ್ಲವೂ ಇತ್ತು. ನೀವು ಎಲ್ಲೂ ತಪ್ಪಲಿಲ್ಲ. ಚಿಕಿತ್ಸೆ ಜಾಸ್ತಿ ಬೇಕಾಗಿದ್ದ ಹೊತ್ತಿನಲ್ಲೇ ಅದನ್ನು ನಿಲ್ಲಿಸಿ ಮನೆಗೆ ಕಳಿಸಿದರು. ಆ 40 ದಿನವೂ ವ್ಯರ್ಥವಲ್ಲ, ಅದು ಅರ್ಧ ಕೆಲಸ.

ಇನ್ನು ಔಷಧ ಹುಡುಕುವ ಪ್ರಯತ್ನದ ಕಥೆ. ಮಾದಕ ವ್ಯಸನದ ಸಂಶೋಧನೆ ನಡೆಸುವ ಅಮೆರಿಕದ ನೈಡಾ ಸಂಸ್ಥೆ 1990ರಲ್ಲೇ ಚಟಕ್ಕೆ ಔಷಧ ಹುಡುಕಲು ಒಂದು ವಿಭಾಗ ತೆರೆಯಿತು. ಅಲ್ಲಿಂದ ಇಲ್ಲಿಯವರೆಗೆ ಖಿನ್ನತೆಯ ಮಾತ್ರೆ, ಮೂರ್ಛೆ ರೋಗದ ಮಾತ್ರೆ, ಪಾರ್ಕಿನ್ಸನ್ ಕಾಯಿಲೆಯ ಮಾತ್ರೆ, ಸ್ನಾಯು ಸಡಿಲಿಸುವ ಮಾತ್ರೆ, ನಿದ್ದೆಗಣ್ಣು ಬಿಡಿಸುವ ಮೊಡಾಫಿನಿಲ್, ಮದ್ಯ ಬಿಡಿಸಲು ಕೊಡುವ ಡೈಸಲ್ಫಿರಾಮ್, ಎಲ್ಲವನ್ನೂ ಕೊಟ್ಟು ನೋಡಿದ್ದಾರೆ. ಒಂದು ಪ್ರಯೋಗದಲ್ಲಿ ಫಲ ಕಾಣುತ್ತದೆ, ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಕರಗಿಹೋಗುತ್ತದೆ. ಪ್ರಯೋಗ ನಡೆಸುವುದೂ ಸುಲಭವಲ್ಲ. ಸೇರಿದವರಲ್ಲಿ ತುಂಬಾ ಜನ ನಡುವೆಯೇ ಬಿಟ್ಟು ಹೋಗುತ್ತಾರೆ, ಕೊಟ್ಟ ಮಾತ್ರೆ ನುಂಗುವುದಿಲ್ಲ. ಔಷಧ ಸೋತಿತೋ, ಹೊಟ್ಟೆಗೇ ಹೋಗಲಿಲ್ಲವೋ ಅಂತ ಬೇರ್ಪಡಿಸುವುದು ಕಷ್ಟ. ದೊಡ್ಡ ಔಷಧ ಕಂಪನಿಗಳೂ ಈ ಕಡೆ ಬರಲು ಹಿಂದೇಟು ಹಾಕುತ್ತವೆ. ಈ ಕಾಯಿಲೆಯವರನ್ನು ನೋಡಿಕೊಳ್ಳುವ ನನಗೆ ಇದು ನೋವಿನ ವಿಷಯ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಮೆಥ್‌ಗೆ ಸಂಬಂಧಪಟ್ಟಂತೆ ನನಗೆ ಸ್ವಲ್ಪ ಧೈರ್ಯ ಕೊಟ್ಟ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 403 ಜನರ ಮೇಲೆ ನಡೆದದ್ದು. ಮೂರು ವಾರಕ್ಕೊಂದು ನಾಲ್‌ಟ್ರೆಕ್ಸೋನ್ (ಹೆರಾಯಿನ್ ಜಾತಿಯ ಡ್ರಗ್ಸ್ ಕೆಲಸ ಮಾಡದಂತೆ ತಡೆಯುವ ಔಷಧ) ಇಂಜೆಕ್ಷನ್, ಜೊತೆಗೆ ದಿನವೂ ಖಿನ್ನತೆಗೆ ಕೊಡುವ ಬ್ಯೂಪ್ರೊಪಿಯಾನ್ ಮಾತ್ರೆ. ಒಂದು ಹಂತದ ಕೊನೆಯಲ್ಲಿ ನಾಲ್ಕು ಮೂತ್ರ ಪರೀಕ್ಷೆಗಳಲ್ಲಿ ಕನಿಷ್ಠ ಮೂರರಲ್ಲಿ ಮೆಥ್ ಕಾಣದಿದ್ದರೆ ‘ಫಲ ಸಿಕ್ಕಿತು’ ಅಂತ ಲೆಕ್ಕ. ಔಷಧ ಪಡೆದವರಲ್ಲಿ ಶೇ 13.6 ಜನರಿಗೆ ಫಲ ಸಿಕ್ಕಿತು. ಔಷಧವಿಲ್ಲದ ಹುಸಿ ಮಾತ್ರೆ, ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ 2.5. ಈ ಅಂಕಿಯನ್ನು ಎರಡು ಕಡೆಯಿಂದಲೂ ನೋಡಬೇಕು. ಒಂಬತ್ತು ಜನರಿಗೆ ಕೊಟ್ಟರೆ ಒಬ್ಬರಿಗೆ ಔಷಧದಿಂದಲೇ ಉಪಕಾರ. ಇದನ್ನು ಕಡೆಗಣಿಸುವಂತಿಲ್ಲ, ನಾವು ದಿನವೂ ಬರೆಯುವ ಎಷ್ಟೋ ಔಷಧಗಳ ಲೆಕ್ಕ ಇದಕ್ಕಿಂತ ಚೆನ್ನಾಗಿಲ್ಲ. ಹಾಗೆಯೇ, ನೂರರಲ್ಲಿ 86 ಜನರಿಗೆ ಆ ಮಟ್ಟದ ಫಲ ಸಿಗಲಿಲ್ಲ. ಅದೂ ಅಷ್ಟೇ ನಿಜ. ಅಪಾಯಗಳೂ ಇವೆ. ಬ್ಯೂಪ್ರೊಪಿಯಾನ್ ಕೆಲವರಲ್ಲಿ ಫಿಟ್ಸ್ ತರಬಹುದು, ಹಿಂದೆ ಫಿಟ್ಸ್ ಬಂದವರಿಗೆ ಕೊಡುವಂತಿಲ್ಲ. ಮೈಯಲ್ಲಿ ಹೆರಾಯಿನ್ ಅಥವಾ ಅದರ ಜಾತಿಯ ನೋವಿನ ಮಾತ್ರೆ ಇರುವಾಗ ನಾಲ್‌ಟ್ರೆಕ್ಸೋನ್ ಚುಚ್ಚಿದರೆ ಕೂಡಲೇ ಭೀಕರ ವಾಂತಿ, ನಡುಕ, ನೋವು ಶುರುವಾಗುತ್ತದೆ.

ಮಿರ್ಟಜಪೈನ್ ಅನ್ನುವ ಖಿನ್ನತೆಯ ಮಾತ್ರೆಯೂ ಮೆಥ್ ಬಳಕೆಯನ್ನು ಸ್ವಲ್ಪ ತಗ್ಗಿಸಿದ್ದು ಎರಡು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ನಿದ್ದೆ ಕೆಟ್ಟವರಿಗೆ ಅದು ಇನ್ನೊಂದು ರೀತಿಯಲ್ಲೂ ಅನುಕೂಲ. ತೂಕ ಏರುತ್ತದೆ, ಮಂಪರು ಇರುತ್ತದೆ.

ಮೆಥಡೋನ್ ಥರವೇ ಇಲ್ಲೂ ಡ್ರಗ್ ಬದಲು ಅದೇ ಜಾತಿಯ, ಆದರೆ ನಿಧಾನವಾಗಿ ಕೆಲಸ ಮಾಡುವ ಔಷಧ ಕೊಡಬಹುದಾ? ಇದು ಚರ್ಚೆಯಲ್ಲಿರುವ ದಾರಿ. ಸ್ವೀಡನ್ನಿನಲ್ಲಿ ಆಂಫೆಟಮಿನ್ ಅಥವಾ ಮೆಥ್ ಚಟ ಇದ್ದ 13,965 ಜನರ ಆರೋಗ್ಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2023ರಲ್ಲಿ ಬಂತು. ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ, ಕೊಡುವ ಲಿಸ್‌ಡೆಕ್ಸ್‌ಆಂಫೆಟಮಿನ್ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಇವರು ಆಸ್ಪತ್ರೆ ಸೇರುವುದೂ ಸಾಯುವುದೂ ಕಡಿಮೆ ಇತ್ತು. ಇದು ದಾಖಲೆ ನೋಡಿ ಹೇಳಿದ ಮಾತು, ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ. ಅದೇ ದೇಶದಲ್ಲಿ ಎಡಿಎಚ್‌ಡಿಯೂ ಆಂಫೆಟಮಿನ್ ಚಟವೂ ಇದ್ದ, ಜೈಲಿನಿಂದ ಬಿಡುಗಡೆಯಾಗುತ್ತಿದ್ದ 54 ಗಂಡಸರಿಗೆ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಅದು ಸರಿಯಾದ ಪ್ರಯೋಗ, ಫಲವೂ ಚೆನ್ನಾಗಿತ್ತು. ಹಾಗಾಗಿ ನಿಮ್ಮ ತಮ್ಮನಿಗೆ ಚಿಕ್ಕಂದಿನಿಂದ ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ ಇತ್ತೇ ಅಂತ ನೆನಪು ಮಾಡಿಕೊಳ್ಳಿ. ಶಾಲೆಯ ದಿನಗಳ ಸಂಗತಿಗಳನ್ನು ಅಕ್ಕನಷ್ಟು ಚೆನ್ನಾಗಿ ಯಾರು ಹೇಳಬಲ್ಲರು?

ಆದರೆ ಈ ದಾರಿಯಲ್ಲಿ ನಾನು ಮೆಲ್ಲಗೆ ಹೆಜ್ಜೆ ಇಡುತ್ತೇನೆ. ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಭಾರ, ಇಲ್ಲದ್ದು ಕೇಳಿಸುವ ಕಾಣಿಸುವ ತೊಂದರೆ ಇದ್ದವರಲ್ಲಿ ಅದು ಕೆರಳಬಹುದು, ಮಾತ್ರೆ ಕೈ ಬದಲಾಗಿ ಮಾರಾಟವೂ ಆಗಬಹುದು. ಇತಿಹಾಸವೂ ನೆನಪಾಗುತ್ತದೆ. 1884ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಮಾರ್ಫಿನ್ ಚಟದಲ್ಲಿದ್ದ ತಮ್ಮ ವೈದ್ಯ ಮಿತ್ರ ಫ್ಲೈಶ್ಲ್ ಅವರಿಗೆ, ಮಾರ್ಫಿನ್ ಬಿಡಿಸಲೆಂದು ಕೊಕೇನ್ ಸಲಹೆ ಮಾಡಿದರು. ಪ್ರೀತಿಯಿಂದಲೇ ಮಾಡಿದ್ದು. ಆ ಮಿತ್ರ ಕೊಕೇನಿಗೂ ಸಿಕ್ಕಿಬಿದ್ದರು.

ಲಸಿಕೆಯ ಸುದ್ದಿ ಸುಳ್ಳಲ್ಲ, ಆದರೆ ಅರ್ಧ. ಕೊಕೇನ್ ಕಣ ತುಂಬಾ ಚಿಕ್ಕದು, ಮೈಯ ರಕ್ಷಣಾ ಪಡೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕಾಗಿ ಅದನ್ನು ಒಂದು ದೊಡ್ಡ ಪ್ರೋಟೀನಿಗೆ ಅಂಟಿಸಿ ಚುಚ್ಚುತ್ತಾರೆ. ಆಗ ರಕ್ತದಲ್ಲಿ ಆಂಟಿಬಾಡಿ ಹುಟ್ಟಿ, ಮುಂದೆ ಕೊಕೇನ್ ಬಂದಾಗ ಅದನ್ನು ರಕ್ತದಲ್ಲೇ ಹಿಡಿದು ಮೆದುಳಿಗೆ ಹೋಗದಂತೆ ತಡೆಯುತ್ತದೆ. ಯೋಚನೆ ಅದ್ಭುತವಾಗಿದೆ. ಥಾಮಸ್ ಕಾಸ್ಟನ್ ಮತ್ತು ಜೊತೆಗಾರರು ಇದನ್ನು ವರ್ಷಗಟ್ಟಲೆ ಬೆಳೆಸಿದರು. 2009ರಲ್ಲಿ ಪ್ರಕಟವಾದ 115 ಜನರ ಪ್ರಯೋಗದಲ್ಲಿ ಲಸಿಕೆ ಪಡೆದವರಲ್ಲಿ ಶೇ 38 ಜನರಿಗೆ ಮಾತ್ರ ಸಾಕಷ್ಟು ಆಂಟಿಬಾಡಿ ಬಂತು, ಅದೂ ಸುಮಾರು ಎರಡು ತಿಂಗಳು. 2014ರಲ್ಲಿ 300 ಜನರ ದೊಡ್ಡ ಪ್ರಯೋಗದ ಫಲಿತಾಂಶ ಬಂದಾಗ ಗುರಿ ಮುಟ್ಟಿರಲಿಲ್ಲ. ಮೆಥ್‌ಗೆ ಪ್ರಯೋಗಾಲಯದಲ್ಲೇ ತಯಾರಿಸಿದ ಆಂಟಿಬಾಡಿ ಚುಚ್ಚುವ ಪ್ರಯತ್ನವೂ ನಡೆದಿದೆ. ಕೋಕಾ ಗಿಡದ ಬೇರಿನ ಸುತ್ತಲಿನ ಮಣ್ಣಿನಲ್ಲಿ ಕೊಕೇನನ್ನೇ ತಿಂದು ಬದುಕುವ ಒಂದು ಬ್ಯಾಕ್ಟೀರಿಯಾ ಸಿಕ್ಕಿದೆ. ಕೊಕೇನನ್ನು ಒಡೆಯುವ ಅದರ ಕಿಣ್ವವನ್ನು ಔಷಧವಾಗಿಸಲು ನೋಡಿದ್ದಾರೆ. ಇವೆಲ್ಲ ನನಗೆ ಇಷ್ಟವಾದ ಸಂಶೋಧನೆಗಳು. ಆದರೆ ಇವು ತಡೆಯುವುದು ಅಮಲನ್ನು, ಸೆಳೆತವನ್ನಲ್ಲ. ಸೆಳೆತ ಉಳಿದವರು ಗೋಡೆ ದಾಟಲು ಇನ್ನಷ್ಟು ಜಾಸ್ತಿ ಡ್ರಗ್ ತೆಗೆದುಕೊಳ್ಳಬಹುದು, ಅಥವಾ ಬೇರೆ ಡ್ರಗ್ಗಿಗೆ ಹೋಗಬಹುದು.

‘21 ದಿನ’ದ ಜಾಹೀರಾತಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಇಂಜೆಕ್ಷನ್ನಿನಲ್ಲಿ ಏನಿದೆ ಅಂತ ಹೆಸರು ಹಾಕದವರ ಕೈಗೆ ತಮ್ಮನ ತೋಳು ಕೊಡಬಾರದು. ಊಟದಲ್ಲಿ ಬೆರೆಸುವುದಂತೂ ಬೇಡವೇ ಬೇಡ. ಹಾಗೆ ಮಾರುವ ಮಾತ್ರೆ ಡೈಸಲ್ಫಿರಾಮ್ ಆಗಿದ್ದು ಅವನು ಹೊರಗೆ ಮದ್ಯ ಕುಡಿದನೋ, ಎದೆಬಡಿತ ಏರಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ನಾಲ್‌ಟ್ರೆಕ್ಸೋನ್ ಆಗಿದ್ದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ. ಇನ್ನೂ ಒಂದು ನಷ್ಟ ಇದೆ. ಮೆಥ್ ಎಷ್ಟೋ ಸಲ ವಿಪರೀತ ಸಂಶಯ ಹುಟ್ಟಿಸುತ್ತದೆ, ‘ನನಗೆ ಏನೋ ಹಾಕುತ್ತಿದ್ದಾರೆ’ ಅಂತ. ನೀವು ನಿಜವಾಗಿಯೂ ಹಾಕಿ, ಅವನಿಗೆ ಗೊತ್ತಾದರೆ, ಆಮೇಲೆ ನಿಮ್ಮ ಕೈಯ ಊಟವನ್ನೂ ಮಾತನ್ನೂ ಅವನು ನಂಬುವುದಿಲ್ಲ. ಆ ನಂಬಿಕೆ ನಮಗೆ ಚಿಕಿತ್ಸೆಗೆ ಬೇಕು.

ಹಾಗಾದರೆ ಇವತ್ತು ಏನಿದೆ? ನನ್ನ ಅನುಭವದಲ್ಲೂ, ಪ್ರಯೋಗಗಳ ಲೆಕ್ಕದಲ್ಲೂ, ಅತಿ ಹೆಚ್ಚು ಕೆಲಸ ಮಾಡುವುದು ಕೇಳಲು ತೀರಾ ಸರಳವಾದ ಒಂದು ಉಪಾಯ. ವಾರಕ್ಕೆ ಎರಡು ಮೂರು ಸಲ ಮೂತ್ರ ಪರೀಕ್ಷೆ. ಡ್ರಗ್ ಇಲ್ಲದಿದ್ದರೆ ಆಗಿಂದಾಗಲೇ ಒಂದು ಬಹುಮಾನ. ಇದ್ದರೆ ಬೈಗುಳ ಇಲ್ಲ, ಬಹುಮಾನವೂ ಇಲ್ಲ, ‘ನಾಡಿದ್ದು ಬನ್ನಿ’ ಅಷ್ಟೇ. ಮೆಥ್ ಮೂತ್ರದಲ್ಲಿ ಎರಡರಿಂದ ನಾಲ್ಕು ದಿನ ಕಾಣುವುದರಿಂದ ವಾರಕ್ಕೊಂದು ಪರೀಕ್ಷೆ ಸಾಲದು. ಅಮೆರಿಕದ ವರ್ಮಾಂಟ್‌ನಲ್ಲಿ ಸಂಶೋಧಕ ಸ್ಟೀಫನ್ ಹಿಗ್ಗಿನ್ಸ್ 1990ರ ದಶಕದ ಶುರುವಿನಲ್ಲಿ ಕೊಕೇನ್ ಚಟದವರಿಗೆ ಇದನ್ನು ಮಾಡಿ ತೋರಿಸಿದರು. ಪರೀಕ್ಷೆ ಸಾಲಾಗಿ ಚೆನ್ನಾಗಿ ಬಂದಷ್ಟೂ ಕೂಪನ್ನಿನ ಬೆಲೆ ಏರುತ್ತದೆ, ಒಮ್ಮೆ ತಪ್ಪಿದರೆ ಮೊದಲ ಮೆಟ್ಟಿಲಿಗೆ. ನ್ಯಾನ್ಸಿ ಪೆಟ್ರಿ ಅದನ್ನು ಅಗ್ಗ ಮಾಡಿದರು. ಒಂದು ಬಟ್ಟಲಲ್ಲಿ 500 ಚೀಟಿ. ಅರ್ಧದಲ್ಲಿ ‘ಭೇಷ್’ ಅಂತ ಮಾತ್ರ, ಉಳಿದವುಗಳಲ್ಲಿ ಹೆಚ್ಚಿನವು ಸಣ್ಣ ವಸ್ತು, ಕೆಲವು ದೊಡ್ಡವು, ಒಂದೇ ಒಂದು ತುಂಬಾ ದೊಡ್ಡದು. 2018ರಲ್ಲಿ 50 ಪ್ರಯೋಗಗಳನ್ನು, ಹೆಚ್ಚೂ ಕಡಿಮೆ 7,000 ಜನರನ್ನು ಒಟ್ಟಿಗೆ ಇಟ್ಟು ನೋಡಿದಾಗ, ಔಷಧವಿಲ್ಲದೆ ಮಾಡುವ ಚಿಕಿತ್ಸೆಗಳ ಪೈಕಿ ಮೇಲೆ ನಿಂತದ್ದು ಇದೇ. ಇದರ ಜೊತೆಗೆ ಕೆಲಸ, ಸಂಬಂಧ, ಬಿಡುವಿನ ವೇಳೆಯನ್ನು ಮತ್ತೆ ಕಟ್ಟಿಕೊಡುವ ಕ್ರಮವನ್ನೂ ಸೇರಿಸಿದಾಗ ಫಲ ಇನ್ನೂ ಚೆನ್ನಾಗಿತ್ತು.

ಒಂದು ಬೆಳಗ್ಗೆ ನೆನಪಾಗುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದರೆ ಡ್ರಗ್ ಇಲ್ಲ, ಒಂದೇ ಗೆರೆ ಆದರೆ ಇದೆ. ಹತ್ತು ವರ್ಷ ಮೆಥ್ ಸೇದಿದ ಒಬ್ಬರು ಮೇಜಿನ ಮೇಲೆ ಮುಖ ಬಗ್ಗಿಸಿ ಪಟ್ಟಿ ನೋಡುತ್ತಿದ್ದರು. ಮೊದಲ ಗೆರೆ ಬಂತು. ಎರಡನೆಯದು ಬರಲಿಲ್ಲ. ಒಂದು ನಿಮಿಷ. ಆಮೇಲೆ ಪೆನ್ಸಿಲ್ಲಿನಲ್ಲಿ ಎಳೆದಷ್ಟು ತೆಳ್ಳಗೆ ಎರಡನೇ ಗೆರೆ ಮೂಡಿತು. ತೆಳ್ಳಗಿದ್ದರೂ ಗೆರೆ ಗೆರೆಯೇ. ‘ಬಂತು ಸಾರ್, ಬಂತು’ ಅಂದರು, ಮಗುವಿನ ಥರ. ಚೀಟಿ ಎತ್ತಿದರು, ‘ಭೇಷ್’ ಬಂತು, ವಸ್ತು ಏನೂ ಸಿಗಲಿಲ್ಲ. ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ತಿಂಗಳುಗಳ ಮೇಲೂ ಅದು ಅಲ್ಲೇ ಇತ್ತು.

‘ಇದು ಲಂಚ ಕೊಟ್ಟ ಹಾಗಲ್ವಾ?’ ಅಂತ ಎಷ್ಟೋ ಜನ ಕೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಿಡುವುದರ ಲಾಭ ತಿಂಗಳುಗಳ ಆಚೆ ಇದೆ, ಡ್ರಗ್ಗಿನ ಲಾಭ ಹತ್ತು ಸೆಕೆಂಡಿನಲ್ಲಿದೆ. ಈ ಮೆದುಳಿಗೆ ದೂರದ್ದು ಕಾಣುತ್ತಿಲ್ಲ. ಹತ್ತಿರಕ್ಕೆ ತಂದು ಇಡುತ್ತಿದ್ದೇವೆ ಅಷ್ಟೇ. 2018ರಲ್ಲಿ ಮಾರ್ಕೊ ವೆನಿರೊ ಮತ್ತು ಸಂಗಡಿಗರು ಇಲಿಗಳ ಮುಂದೆ ಎರಡು ಸನ್ನೆಗೋಲು ಇಟ್ಟರು. ಒಂದನ್ನು ಒತ್ತಿದರೆ ಮೆಥ್, ಇನ್ನೊಂದನ್ನು ಒತ್ತಿದರೆ ಬಾಗಿಲು ತೆರೆದು ಜೊತೆಗಾರ ಇಲಿ. ಚಟಕ್ಕೆ ಬಿದ್ದಿದ್ದ ಇಲಿಗಳೂ ಜೊತೆಗಾರನ ಕಡೆಯ ಸನ್ನೆಗೋಲನ್ನೇ ಆರಿಸಿಕೊಂಡವು. ಕಾಯಬೇಕಾದಾಗ ಅಥವಾ ಜೊತೆಗಾರ ಸಿಗಲು ಶಿಕ್ಷೆ ಅನುಭವಿಸಬೇಕಾದಾಗ ಮಾತ್ರ ಡ್ರಗ್ಗಿನ ಕಡೆ ವಾಲಿದವು. ‘ಆಗಿಂದಾಗಲೇ’ ಮತ್ತು ‘ಬೈಯದೆ’ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇದರಲ್ಲೂ ಕೊರತೆ ಇದೆ. ಬಹುಮಾನ ನಿಂತ ಮೇಲೆ ಫಲ ಸವೆಯುತ್ತಾ ಬರುತ್ತದೆ. ಎಲ್ಲ ಕಡೆ ಇದು ಸಿಗುವುದೂ ಇಲ್ಲ. ಸಿಗದ ಕಡೆ, ವಾರಕ್ಕೆರಡು ಸಲ ಪರೀಕ್ಷೆ ಮಾಡಿ ಒಳ್ಳೆಯ ಫಲಿತಾಂಶಕ್ಕೆ ನಾವೇ ಏನಾದರೂ ಕೊಡಬಹುದೇ ಅಂತ ವೈದ್ಯರನ್ನು ಕೇಳಿ. ಮೂತ್ರ ಪರೀಕ್ಷೆಯನ್ನು ಮನೆಯಲ್ಲಿ ನೀವೇ ಮಾಡಬೇಡಿ. ಅಕ್ಕ ಅಕ್ಕನಾಗಿರಲಿ, ಪೊಲೀಸ್ ಆಗಬಾರದು. ಆದರೆ ಅವನು ಡ್ರಗ್ ಇಲ್ಲದೆ ಇರುವ ಗಂಟೆಗಳಲ್ಲಿ ಅವನ ಪಕ್ಕ ಕೂರುವುದು, ಹೊರಗೆ ಕರೆದುಕೊಂಡು ಹೋಗುವುದು, ಇವು ನಿಮ್ಮಿಂದ ಆಗುತ್ತವೆ. ನಾವೆಲ್ಲ ತಪ್ಪು ಮಾಡುವುದು ಇಲ್ಲೇ. ಸೇದಿ ಬಂದ ದಿನ ಮನೆಯವರೆಲ್ಲ ಸುತ್ತ ನಿಲ್ಲುತ್ತೇವೆ, ಸೇದದ ದಿನ ಯಾರೂ ಮಾತಾಡಿಸುವುದಿಲ್ಲ.

ಚಟಕ್ಕೆ ಔಷಧ ಇಲ್ಲದಿದ್ದರೂ ಚಟದ ಜೊತೆ ಬಂದವುಗಳಿಗೆ ಇದೆ. ಖಿನ್ನತೆ, ನಿದ್ರಾಹೀನತೆ, ಸಂಶಯ ರೋಗ, ಎಡಿಎಚ್‌ಡಿ, ಇವನ್ನು ಮನೋವೈದ್ಯರು ನೋಡಲೇಬೇಕು. ಹೃದಯವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಬಿಟ್ಟ ಮೊದಲ ವಾರಗಳಲ್ಲಿ ಮನಸ್ಸು ಪಾತಾಳಕ್ಕೆ ಇಳಿಯಬಹುದು. ‘ಬದುಕಿ ಏನು ಮಾಡಲಿ’ ಅನ್ನುವ ಮಾತು ಬಂದರೆ ಅದನ್ನು ನಾಟಕ ಅಂದುಕೊಳ್ಳಬೇಡಿ, ಒಬ್ಬನನ್ನೇ ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಎದೆನೋವು, ಮಾತು ತೊದಲುವುದು, ಮುಖ ಒಂದು ಕಡೆ ವಾಲುವುದು, ಮೈ ವಿಪರೀತ ಕಾಯುವುದು ಕಂಡರೆ ನೇರ ತುರ್ತು ಚಿಕಿತ್ಸೆಗೆ. ಅಲ್ಲಿ ಮೆಥ್ ಅನ್ನುವ ಹೆಸರು ಮುಚ್ಚಿಡಬೇಡಿ. ಹಲವು ಕಡೆ ಈಗ ಮೆಥ್, ಕೊಕೇನ್ ಒಳಗೆ ಫೆಂಟನಿಲ್ ಬೆರೆತು ಬರುತ್ತಿದೆ, ಅದು ಹೆರಾಯಿನ್ ಜಾತಿಯ ತುಂಬಾ ಪ್ರಬಲ ಡ್ರಗ್. ಪ್ರಜ್ಞೆ ತಪ್ಪಿ ಉಸಿರು ನಿಧಾನವಾದರೆ, ಅದರ ಪರಿಣಾಮ ಇಳಿಸುವ ನಲಾಕ್ಸೋನ್ ಎಂಬ ಔಷಧ ಜೀವ ಉಳಿಸುತ್ತದೆ. ಸಿಗುವ ಕಡೆ ಮನೆಯಲ್ಲಿ ಇಟ್ಟುಕೊಳ್ಳಿ.

ಎಷ್ಟು ದಿನ ಬೇಕು ಅಂತ ಮುಂದೆ ಕೇಳುತ್ತೀರಿ, ಗೊತ್ತು. 2001ರಲ್ಲಿ ನೋರಾ ವೋಲ್ಕೋವ್ ಮತ್ತು ಜೊತೆಗಾರರು ಮೆಥ್ ಬಿಟ್ಟವರ ಮೆದುಳಿನ ಚಿತ್ರ ತೆಗೆದರು. ಮೊದಲು ಹೇಳಿದ ಆ ಪಂಪುಗಳು ಕಡಿಮೆಯಾಗಿದ್ದವು. ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟೇ ಇದ್ದವರಲ್ಲಿ ಅವು ಬಹಳ ಮಟ್ಟಿಗೆ ವಾಪಸ್ ಬಂದಿದ್ದವು. ಕೆಲವು ಕೌಶಲಗಳು ಮಾತ್ರ ಅಷ್ಟೇ ವೇಗದಲ್ಲಿ ಬಂದಿರಲಿಲ್ಲ. ಅಂದರೆ ಲೆಕ್ಕ ತಿಂಗಳುಗಳದ್ದು. 21 ದಿನದ್ದಲ್ಲ, 40 ದಿನದ್ದೂ ಅಲ್ಲ. ಎಫ್‌ಡಿಎ 2023ರಲ್ಲಿ ಔಷಧ ತಯಾರಕರಿಗೆ ಕೊಟ್ಟ ಕರಡು ಮಾರ್ಗಸೂಚಿಯಲ್ಲಿ, ಪೂರ್ತಿ ಬಿಟ್ಟರೆ ಮಾತ್ರ ಗೆಲುವು ಅನ್ನದೆ, ಬಳಕೆ ಕಡಿಮೆಯಾಗಿ ಬದುಕು ಸುಧಾರಿಸಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ದಾರಿ ಬಿಟ್ಟಿದೆ. ನೀವೂ ಹಾಗೇ ಎಣಿಸಿ. ತಿಂಗಳಿಗೆ 25 ದಿನ ಸೇದುತ್ತಿದ್ದವನು ಐದು ದಿನಕ್ಕೆ ಇಳಿದರೆ ಆ 20 ದಿನ ಅವನ ಹೃದಯಕ್ಕೂ ನಿದ್ದೆಗೂ ನಿಜವಾಗಿ ಸಿಕ್ಕ ದಿನಗಳು.

ಕಾಯಬೇಡಿ. ಈ ವಾರವೇ ಮನೋವೈದ್ಯರ ಭೇಟಿಗೆ ದಿನ ಗೊತ್ತು ಮಾಡಿ. ನಾಲ್‌ಟ್ರೆಕ್ಸೋನ್ ಮತ್ತು ಬ್ಯೂಪ್ರೊಪಿಯಾನ್ ಜೋಡಿ ಇವನಿಗೆ ಹೊಂದುತ್ತದಾ, ಎಡಿಎಚ್‌ಡಿ ಪರೀಕ್ಷೆ ಬೇಕಾ ಅಂತ ಕೇಳಿ. ಹೋಗುವ ಮೊದಲು, ಅವನು ನಿದ್ದೆ ಮಾಡಿ ಎದ್ದಿರುವ, ಸಮಾಧಾನವಾಗಿರುವ ಒಂದು ಹೊತ್ತು ನೋಡಿ ಅವನ ಜೊತೆ ಕೂತು ಕೇಳಿ: ಆ ಆರನೇ ದಿನ ಬೆಳಗ್ಗೆಯಿಂದ ಏನೇನಾಯಿತು? ಯಾರ ಫೋನ್ ಬಂತು, ಯಾವ ದಾರಿಯಲ್ಲಿ ಹೋದೆ, ಕೈಯಲ್ಲಿ ದುಡ್ಡು ಎಷ್ಟಿತ್ತು, ಹಿಂದಿನ ರಾತ್ರಿ ನಿದ್ದೆ ಬಂದಿತ್ತಾ? ಯಾಕೆ ಅಂತ ಕೇಳಬೇಡಿ, ಏನಾಯಿತು ಅಂತ ಮಾತ್ರ ಕೇಳಿ. ಅವನು ಹೇಳಿದ್ದನ್ನು ಅವನ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿ. ವೈದ್ಯರಿಗೆ ಮೊದಲು ಆ ಹಾಳೆ ಕೊಡಿ.